ಆಫ್ರಿಕಾದ ವನ್ಯಯಾತ್ರೆಗೆ ಹೊರಡುವ ಮುನ್ನ

ಈಚೆಗೆ ಕೊಂಡಜ್ಜಿಯ ಹಿರಿಯ ದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಅವರ ಮಗನು ಕೀನ್ಯಾದ ಮಸಾಯಿ ಮಾರಾ ವನ್ಯಧಾಮದ ಪ್ರವಾಸಕ್ಕೆ ಏರ್ಪಾಡು ಮಾಡಿದ್ದನು. "ಡಾಕ್ಟರೇ, ಅಮೃತಬಳ್ಳಿಯ ಕಷಾಯ ಕುಡಿದು ಹೋದರೆ ಮಲೇರಿಯಾ ಬಾರದಲ್ಲವೇ?" ಎಂಬುದು ಯಜಮಾನರ ಪ್ರಶ್ನೆ. ಆಯುರ್ವೇದವನ್ನೇ ನಂಬಿ ಬಾಳಿದ ನಾವು "ಸಾಲದು" ಎಂದೇ ಉತ್ತರಿಸಿದೆವು. ಆ ಉತ್ತರದ ಕಾರಣವನ್ನು ಸದ್ಭಕ್ತರೆಲ್ಲರೂ ಅರಿಯುವುದು ಒಳಿತು.

ಆಫ್ರಿಕಾ ನಮ್ಮ ಜಿಲ್ಲೆಗೆ ದೂರದ ಮಾತಲ್ಲ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಬಂಧುಗಳು ಗಿಡಮೂಲಿಕೆಯ ತೈಲ ಮಾರಲು ಅಲ್ಲಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕದನದಲ್ಲಿ ಸಿಲುಕಿದ ಭಾರತೀಯರನ್ನು 'ಆಪರೇಷನ್ ಕಾವೇರಿ'ಯ ಮೂಲಕ ಕರೆತಂದಾಗ, ಹಳದಿ ಜ್ವರದ ಲಸಿಕಾ ಪತ್ರವಿಲ್ಲದ ಕೆಲವರು ಮನೆ ಸೇರುವ ಮೊದಲು ಪ್ರತ್ಯೇಕವಾಸದಲ್ಲಿ ಇರಬೇಕಾಯಿತು.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಹಳದಿ ಜ್ವರ ನಮ್ಮ ದೇಶದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅಂದರೆ ಡೆಂಗಿಯ ಸೊಳ್ಳೆ, ನಮ್ಮ ನೀರಿನ ತೊಟ್ಟಿಗಳಲ್ಲೇ ಇದೆ. ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವು 10 ದಿನಗಳ ನಂತರವೇ ಊರ್ಜಿತವಾಗುತ್ತದೆ. ಬಳಿಕ ಜೀವನಪರ್ಯಂತ ಸಲ್ಲುತ್ತದೆ. 60 ವರ್ಷ ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಅಥವಾ ರೋಗನಿರೋಧಕ ಶಕ್ತಿಯ ಕುಂದು ಇರುವವರು ವೈದ್ಯರೊಡನೆ ಮೊದಲೇ ವಿಚಾರಿಸಬೇಕು. ಆದ್ದರಿಂದ ಆರು ವಾರ ಮುಂಚೆಯೇ ಸಿದ್ಧತೆ ಆರಂಭಿಸಿರಿ.

ಇನ್ನು ಮಲೇರಿಯಾ. ನಮ್ಮ ಗ್ರಂಥಗಳು ಬಿಟ್ಟುಬಿಟ್ಟು ಬರುವ ಜ್ವರವನ್ನು 'ವಿಷಮಜ್ವರ'ವೆಂದು ವರ್ಣಿಸಿವೆ. ಆಫ್ರಿಕಾದಲ್ಲಿ ಪ್ರಬಲವಾಗಿರುವ ಫಾಲ್ಸಿಪೇರಮ್ ಬಗೆಯು ಕೆಲವೇ ದಿನಗಳಲ್ಲಿ ಮಿದುಳಿಗೂ ಮೂತ್ರಪಿಂಡಕ್ಕೂ ಘಾತ ಮಾಡಬಲ್ಲದು. ಹಳೆಯ ಕ್ಲೋರೋಕ್ವಿನ್ ಅಲ್ಲಿ ನಡೆಯದು. ಚೀನಾದ ತು ಯೂಯೂ ಅವರು ಪ್ರಾಚೀನ ವೈದ್ಯಗ್ರಂಥದ ಸುಳಿವು ಹಿಡಿದು ಒಂದು ಮೂಲಿಕೆಯಿಂದ ಆರ್ಟಿಮಿಸಿನಿನ್ ಪಡೆದು 2015ರಲ್ಲಿ ನೊಬೆಲ್ ಪುರಸ್ಕೃತರಾದರು. ಆದರೂ ಆ ಮೂಲಿಕೆಯ ಕಷಾಯವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಅದರಲ್ಲಿ ಔಷಧಾಂಶದ ಪ್ರಮಾಣ ನಿಶ್ಚಿತವಲ್ಲ. ಮೂಲಿಕೆಯನ್ನು ಗೌರವಿಸುವುದು ಬೇರೆ, ಅದರ ಮಿತಿಯನ್ನು ಮರೆಯುವುದು ಬೇರೆ.

ವೈದ್ಯರು ಡಾಕ್ಸಿಸೈಕ್ಲಿನ್ ಸೂಚಿಸಿದರೆ, ಹೊರಡುವ ಒಂದೆರಡು ದಿನ ಮೊದಲಿನಿಂದ ಪ್ರತಿದಿನ, ಮರಳಿದ ಮೇಲೆಯೂ 4 ವಾರ ಸೇವಿಸಬೇಕು. ಯಕೃತ್ತಿನಲ್ಲಿ ಅಡಗಿದ ರೋಗಾಣು ತಡವಾಗಿ ರಕ್ತಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಪ್ರಸಾದದ ನಂತರ ಧಾರಾಳ ನೀರಿನೊಡನೆ ನುಂಗಿ, ತಕ್ಷಣ ಮಲಗದಿರಿ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಇದು ಸಲ್ಲದು. ಅವರಿಗೆ ಬೇರೆ ಮಾರ್ಗವನ್ನು ವೈದ್ಯರೇ ಹೇಳುವರು.

ಸಂಜೆ ತುಂಬುತೋಳಿನ ಉಡುಪು, ರಾತ್ರಿ ಸೊಳ್ಳೆಪರದೆ ಇರಲಿ. ನೀಲಿ, ಕಪ್ಪು ಬಟ್ಟೆ ಬೇಡ. ತ್ಸೆತ್ಸೆ ನೊಣವನ್ನು ಅವು ಸೆಳೆಯುತ್ತವೆ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಹೆಸರು ಬರೆಯದ ಚೂರ್ಣ, ಭಸ್ಮಗಳ ಪೊಟ್ಟಣ ಒಯ್ಯಬೇಡಿರಿ. ಓಆರ್‌ಎಸ್ ಪೊಟ್ಟಣಗಳನ್ನು ಮರೆಯಬೇಡಿರಿ.

ಕೊನೆಯದೇ ಮುಖ್ಯವಾದುದು. ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ, ಅದು ಸಾಮಾನ್ಯ ಜ್ವರವೆಂದು ಕಷಾಯ ಕಾಯಿಸುತ್ತ ಕೂರದೆ, ಅಂದೇ ಆಸ್ಪತ್ರೆಗೆ ಹೋಗಿ "ಆಫ್ರಿಕಾಕ್ಕೆ ಹೋಗಿದ್ದೆವು" ಎಂದು ಮೊದಲ ಮಾತಿನಲ್ಲಿಯೇ ತಿಳಿಸಿ ರಕ್ತಪರೀಕ್ಷೆ ಮಾಡಿಸಿರಿ. ಆ ಒಂದು ಮಾತು ಜೀವ ಉಳಿಸಬಲ್ಲದು.