ಗ್ರಹಕೂಟವೂ ಭದ್ರಬಾಹು ಮುನಿಗಳೂ

1962ರ ಫೆಬ್ರವರಿ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗ ಪ್ರಳಯವೇ ಆಗುವುದೆಂಬ ಭೀತಿ ದೇಶವನ್ನೆಲ್ಲ ಆವರಿಸಿತ್ತು. ಹೋಮ, ಶಾಂತಿಗಳು ಎಡೆಬಿಡದೆ ನಡೆದವು. ಪ್ರಳಯವೇನೂ ಆಗಲಿಲ್ಲ. ಆದರೂ ಗ್ರಹಕೂಟದ ಸುದ್ದಿ ಬಂದೊಡನೆ ಯಲಹಂಕ, ಯಶವಂತಪುರಗಳ ಶ್ರಾವಕರ ಮನೆಗಳಲ್ಲಿಯೂ ಅದೇ ಅಳುಕು ಮೂಡುವುದುಂಟು.

ಜಿನಾಗಮವು ಜ್ಯೋತಿಷವನ್ನು ತಳ್ಳಿಹಾಕಿಲ್ಲ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ತಾರೆಗಳೆಂಬ ಐದು ಬಗೆಯ ಜ್ಯೋತಿಷ್ಕ ದೇವರು ಮೇರುವನ್ನು ಪ್ರದಕ್ಷಿಣೆ ಮಾಡುತ್ತಾರೆ, ಅವರ ಗತಿಯಿಂದಲೇ ಕಾಲವಿಭಾಗ ಎಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಆದರೆ ಅವರೂ ಕರ್ಮಬದ್ಧರಾದ ಸಂಸಾರಿಗಳೇ. ಇನ್ನೊಬ್ಬರ ಕರ್ಮಫಲವನ್ನು ಬದಲಿಸುವವರಲ್ಲ. ಶನಿಪೀಡೆಗೆಂದು ಮುನಿಸುವ್ರತ ತೀರ್ಥಂಕರರನ್ನು ಪೂಜಿಸುವವರು ಬಹಳ. ವೀತರಾಗರು ಶನಿಯನ್ನು ತಡೆಯಲು ಬರುವುದಿಲ್ಲ. ತಿಳಿಯಾಗುವುದು ಪೂಜಿಸುವವರ ಭಾವ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಅಷ್ಟಾಂಗ ಮಹಾನಿಮಿತ್ತಗಳನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ 12 ವರ್ಷಗಳ ವಿಷಮಕಾಲವನ್ನು ಮುನ್ನುಡಿದರೆಂದೂ ಸಂಘವೆಲ್ಲ ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ತಿಳಿಸುತ್ತದೆ. ಗ್ರಹಶಾಂತಿಯ ಮಾತೇ ಅಲ್ಲಿಲ್ಲ. ಕ್ಷಾಮದಲ್ಲಿ ಗೃಹಸ್ಥರಿಗೇ ಅನ್ನವಿಲ್ಲದಿರುವಾಗ ಮುನಿಗಳ ಆಹಾರಚರ್ಯೆ ನಡೆಯುವುದೆಂತು? ವ್ರತ ಕೆಡಬಾರದೆಂದು ಅವರು ನಾಡುಬಿಟ್ಟು ಕಾಲ್ನಡಿಗೆಯಲ್ಲಿ ಹೊರಟರು.