ಎಚ್ಚರಿಕೆಯ ದೀಪವೂ ಉಳಿಕೆ ಡೀಸೆಲಿನ ಲೆಕ್ಕವೂ

ಮುಂಗಾರು ಮಳೆ ಬಿದ್ದು ನೆಲವು ಹದಕ್ಕೆ ಬಂದೊಡನೆ ಬಿತ್ತನೆಯನ್ನು ಮುಗಿಸಿಕೊಳ್ಳಬೇಕೆಂಬುದು ಒಕ್ಕಲುತನದ ಮೊದಲನೆಯ ಪಾಠ. ಮರಳುಮಿಶ್ರಿತ ಕೆಂಪುಭೂಮಿಯಲ್ಲಿ ಈ ಹದವು ಬಹಳ ದಿನ ನಿಲ್ಲತಕ್ಕದ್ದಲ್ಲ. ಇಂತಹ ಸಮಯದಲ್ಲಿ ಡೀಸೆಲ್ ಮುಗಿದು ಟ್ರ್ಯಾಕ್ಟರು ಹೊಲದ ನಡುವೆ ನಿಂತರೆ ಆಗುವ ನಷ್ಟವು ಅಲ್ಪವಾದುದಲ್ಲ. ಆದಾಗ್ಯೂ, "ದೀಪ ಈಗ ತಾನೇ ಹತ್ತಿತು, ಇನ್ನೂ ನಾಲ್ಕು ಸಾಲು ಹೊಡೆಯಬಹುದು" ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಆ ದೀಪವು ಹತ್ತಿದಾಗ ಟ್ಯಾಂಕಿನಲ್ಲಿ ನಿಜವಾಗಿ ಉಳಿದಿರುವ ಡೀಸೆಲ್ ಎಷ್ಟೆಂಬುದನ್ನು ಪ್ರತಿಯೊಬ್ಬ ಟ್ರ್ಯಾಕ್ಟರ್ ಮಾಲೀಕನೂ ತಿಳಿದಿರುವುದು ಅವಶ್ಯಕ.

ಟ್ಯಾಂಕಿನೊಳಗೆ ಒಂದು ತೇಲುಬೆಂಡು ಕಡ್ಡಿಯ ತುದಿಯಲ್ಲಿ ತೇಲುತ್ತಿರುತ್ತದೆ. ಡೀಸೆಲ್ ಇಳಿದಂತೆ ಬೆಂಡೂ ಇಳಿದು, ವಿದ್ಯುತ್ತಿನ ಪ್ರವಾಹದಲ್ಲಿ ಉಂಟಾಗುವ ವ್ಯತ್ಯಾಸದಿಂದ ಮುಳ್ಳು ಅಲ್ಲಾಡುವುದು. ನಿಯಮಿತ ಮಟ್ಟಕ್ಕೆ ಬಂದಾಗ ದೀಪವು ಹತ್ತುವುದು. ಈ ಮಟ್ಟವನ್ನು ಎಲ್ಲ ತಯಾರಕರೂ ಒಂದೇ ರೀತಿಯಲ್ಲಿ ಇಟ್ಟಿರುವುದಿಲ್ಲ. ಬೆಂಡು ಅಳೆಯುವುದು ತಾನಿರುವ ಸ್ಥಳದ ಮಟ್ಟವನ್ನು ಮಾತ್ರವಾದುದರಿಂದ, ಟ್ರ್ಯಾಕ್ಟರು ಬದುವನ್ನು ಹತ್ತುವಾಗ ಅಥವಾ ಇಳಿಜಾರಿನಲ್ಲಿ ಓರೆಯಾದಾಗ ದೀಪವು ಹತ್ತಿ ಆರಿ ಮೋಸಗೊಳಿಸುವುದುಂಟು. ಆದಕಾರಣ ನೆರೆಯವನ ಟ್ರ್ಯಾಕ್ಟರಿನ ಲೆಕ್ಕವು ತನ್ನ ಟ್ರ್ಯಾಕ್ಟರಿಗೆ ಸಲ್ಲುವುದಿಲ್ಲ.

1908ರಲ್ಲಿ ಅಮೆರಿಕದಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಮೋಟಾರುಗಾಡಿಗೆ ಮುಳ್ಳೂ ಇರಲಿಲ್ಲ, ದೀಪವೂ ಇರಲಿಲ್ಲ. ಸವಾರರು ಟ್ಯಾಂಕಿನೊಳಕ್ಕೆ ಅಳತೆಯ ಕಡ್ಡಿಯನ್ನು ಇಳಿಬಿಟ್ಟು ಪೆಟ್ರೋಲನ್ನು ತಿಳಿದುಕೊಳ್ಳುತ್ತಿದ್ದರು. ಇಂದಿನ ರೈತನೂ ದೀಪವನ್ನು ನಂಬುವುದಕ್ಕೆ ಮುಂಚೆ ಒಂದಾವರ್ತಿ ತಾನೇ ಅಳೆದು ನೋಡುವುದು ಉತ್ತಮ.

ಅಳೆಯುವ ಕ್ರಮವು ಸುಲಭ. ದೀಪವು ಹತ್ತಿ ಸ್ಥಿರವಾಗಿ ನಿಂತಮೇಲೆ ಟ್ರ್ಯಾಕ್ಟರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಬೀಡಿ ಬೆಂಕಿಗಳನ್ನು ದೂರವಿಟ್ಟು, ಲೀಟರಿನ ಅಳತೆಯಿಂದ ಡೀಸೆಲನ್ನು ಟ್ಯಾಂಕು ತುಂಬುವವರೆಗೆ ಹಾಕತಕ್ಕದ್ದು. ಕೈಪಿಡಿಯಲ್ಲಿ ಹೇಳಿರುವ ಟ್ಯಾಂಕಿನ ಪ್ರಮಾಣದಿಂದ ಇದನ್ನು ಕಳೆದರೆ ಉಳಿಕೆಯು ದೊರೆಯುವುದು. ಉದಾಹರಣೆಗೆ, 60 ಲೀಟರಿನ ಟ್ಯಾಂಕಿಗೆ 52 ಲೀಟರು ಹಿಡಿಸಿದರೆ ಉಳಿದಿದ್ದುದು 8 ಲೀಟರು. ತಳದ ಗಸಿಯ ಬಾಬ್ತು 2 ಲೀಟರನ್ನು ಬಿಟ್ಟರೆ ಬಳಸತಕ್ಕದ್ದು 6 ಲೀಟರು ಮಾತ್ರ. ಬಳಿಕ ತುಂಬಿದ ಟ್ಯಾಂಕಿನಿಂದ 4 ಗಂಟೆ ಉತ್ತು, ಪುನಃ ತುಂಬಿಸುವಾಗ 16 ಲೀಟರು ಹಿಡಿಸಿದರೆ, ಗಂಟೆಗೆ 4 ಲೀಟರು ಖರ್ಚಾಯಿತು. ಆಗ ದೀಪ ಹತ್ತಿದಮೇಲೆ ಉಳುಮೆಗೆ ಒಂದೂವರೆ ಗಂಟೆಯ ಅವಕಾಶವಿರುವುದು. ನೇಗಿಲಿಗೂ, ರೋಟವೇಟರಿಗೂ, ಟ್ರೈಲರಿಗೂ ಖರ್ಚು ಬೇರೆ ಬೇರೆಯಾದುದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಯಬೇಕು.

ಈ ಅವಕಾಶವನ್ನು ಕೊನೆಯ ಹನಿಯವರೆಗೂ ಉಪಯೋಗಿಸುವುದು ಹಿತಕರವಲ್ಲ. ಪೆಟ್ರೋಲ್ ಮುಗಿದ ಮೋಟಾರುಸೈಕಲ್ಲು ಪೆಟ್ರೋಲ್ ಹಾಕಿದೊಡನೆ ಸಾಮಾನ್ಯವಾಗಿ ಹೊರಡುವುದು. ಡೀಸೆಲ್ ಎಂಜಿನಿನ ಸ್ವಭಾವವು ಬೇರೆ. ಟ್ಯಾಂಕು ಬರಿದಾದರೆ ಕೊಳವೆಗಳಲ್ಲಿ ಗಾಳಿಯು ಸೇರಿಕೊಂಡು, ಹೊಸದಾಗಿ ಡೀಸೆಲ್ ಹಾಕಿದರೂ ಎಂಜಿನು ಹತ್ತದೆ ಹೋಗುವುದು. ಇದನ್ನೇ ಏರ್ ಲಾಕ್ ಎನ್ನುವರು. ಆಗ ಫಿಲ್ಟರಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಬೇಕಾಗುವುದು. ಡೀಸೆಲ್ಲೇ ಇಂಜೆಕ್ಷನ್ ಪಂಪಿಗೆ ಜಿಡ್ಡಿನ ಕೆಲಸವನ್ನೂ ಮಾಡುವುದರಿಂದ ಬರಿದಾಗಿ ಓಡಿದ ಪಂಪು ಸವೆಯುವುದು. 2023ರ ಜನವರಿಯಿಂದ ಜಾರಿಗೆ ಬಂದ ಹೊಗೆ ನಿಯಂತ್ರಣದ ನಿಯಮಾನುಸಾರ ತಯಾರಾದ, 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಲ್ಲಿ ಕಾಮನ್ ರೈಲ್ ಎಂಬ ವ್ಯವಸ್ಥೆಯಿದ್ದರೆ, ಅದರ ಕೊಳವೆಗಳನ್ನು ರೈತನು ಸ್ವತಃ ಬಿಚ್ಚಲೇಕೂಡದು. ಅವುಗಳಲ್ಲಿನ ಒತ್ತಡವು ಅತ್ಯಧಿಕವಾಗಿದ್ದು, ಚಿಮ್ಮಿದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗಬಲ್ಲುದು.

ಇನ್ನೊಂದು ವಿಷಯವೂ ಗಮನಾರ್ಹ. ಅರೆಬರಿದಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವವು ಹನಿಗಟ್ಟಿ ನೀರಾಗುವುದು. ನೀರು ಡೀಸೆಲಿಗಿಂತ ಭಾರವಾದುದರಿಂದ ತಳಕ್ಕಿಳಿದು ತುಕ್ಕಿಗೆ ಕಾರಣವಾಗುವುದು. ಆದುದರಿಂದ ಬೆಳಗ್ಗೆ ತುಂಬಿಸುವ ಬದಲು ಸಂಜೆ ಕೆಲಸ ಮುಗಿದೊಡನೆ, ಎಂಜಿನು ಆರಿದಮೇಲೆ, ಜಾಲರಿಯಿರುವ ಶುಚಿಯಾದ ಆಲಿಕೆಯಿಂದ ಟ್ಯಾಂಕನ್ನು ತುಂಬಿಸಿಡುವುದು ಮೇಲು.

ಬಾಡಿಗೆಯ ಟ್ರ್ಯಾಕ್ಟರುಗಳಲ್ಲಿ ಚಾಲಕರು ಬದಲಾಗುತ್ತಿರುವುದರಿಂದ ಒಬ್ಬನಿಗೆ ತಿಳಿದ ಲೆಕ್ಕವು ಇನ್ನೊಬ್ಬನಿಗೆ ತಿಳಿಯದು. ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮ ಊರಿನ ಪ್ರತಿಯೊಂದು ಟ್ರ್ಯಾಕ್ಟರನ್ನೂ ಬಿತ್ತನೆಗೆ ಮುಂಚಿತವಾಗಿಯೇ ಹೀಗೆ ಅಳೆಯಿಸಿ, ಉಳಿಕೆಯ ಲೀಟರುಗಳನ್ನೂ ಗಂಟೆಯ ಖರ್ಚನ್ನೂ ಒಂದು ಚೀಟಿಯಲ್ಲಿ ಬರೆಯಿಸಿ ಮುಳ್ಳಿನ ಪಕ್ಕದಲ್ಲಿ ಅಂಟಿಸುವ ಏರ್ಪಾಡು ಮಾಡಬೇಕು. ದೀಪ ಹತ್ತಿದ ಸಾಲನ್ನು ಮುಗಿಸಿ, ಬದುವಿನ ಬಳಿ ನಿಲ್ಲಿಸಿ ಡೀಸೆಲ್ ಹಾಕುವ ಪದ್ಧತಿಯನ್ನು ಚಾಲಕರಲ್ಲಿ ರೂಢಿಗೆ ತಂದರೆ, ಹದವಿರುವಾಗಲೇ ಬಿತ್ತನೆಯು ನಿರಾತಂಕವಾಗಿ ಮುಗಿಯುವುದು.