ಫಾಸ್ಟರ್ ಸಿಟಿಯಲ್ಲಿ ಬಿರಿದ ಮೂಲೆ

ಅಮ್ಮನ ಭಾವಚಿತ್ರಕ್ಕೆ ಅಪ್ಪ ಕೈಯಾರೆ ಮಾಡಿಕೊಟ್ಟ ಸಾಗುವಾನಿ ಚೌಕಟ್ಟು ಸಾಗರದಿಂದ ನನ್ನ ಸೂಟ್‌ಕೇಸಿನಲ್ಲಿ ಇಲ್ಲಿಗೆ ಬಂತು. ಚಳಿಗಾಲದಲ್ಲಿ ಮನೆಯ ಹೀಟರ್ ಉರಿಯತೊಡಗಿ ಎರಡು ತಿಂಗಳಾಗುವಷ್ಟರಲ್ಲಿ ನಾಲ್ಕೂ ಮೂಲೆಗಳಲ್ಲಿ ಕೂದಲೆಳೆ ನುಸುಳುವಷ್ಟು ಸಂದು ಬಿಟ್ಟಿತ್ತು. ನಲವತ್ತು ವರ್ಷ ಬಡಗಿಯಾಗಿದ್ದವರಿಗೆ ಇದನ್ನು ಹೇಗೆ ಹೇಳುವುದು? ಕೈ ನಡುಗುತ್ತದೆಂದು ಅವರೇ ಕೊರಗತೊಡಗಿದ್ದ ಕಾಲವದು.

ವಿಡಿಯೊ ಕರೆಯಲ್ಲಿ ಅವರೇ ಕಂಡುಬಿಟ್ಟರು. ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ, “ಸಂದು ಒಳಗಡೆಯೋ, ಹೊರಗಡೆಯೋ?” ಎಂದರು.

“ಒಳಗಡೆ ಅಪ್ಪ. ಹೊರತುದಿ ಕೂಡಿಕೊಂಡೇ ಇದೆ.”

“ಹಾಗಾದ್ರೆ ಅದು ಕೈಯ ತಪ್ಪಲ್ಲ ಮಾರಾಯ, ಹವೆಯದ್ದು.” ದನಿ ಹಗುರಾಗಿತ್ತು.

ಮರ ಒಣಗಿದಾಗ ಉದ್ದಕ್ಕೆ ಕುಗ್ಗುವುದು ನಗಣ್ಯ; ಕುಗ್ಗುವುದು ಅಗಲಕ್ಕೆ. ಪಟ್ಟಿಯ ಅಗಲ ಕಡಿಮೆಯಾದರೆ 45 ಡಿಗ್ರಿಗೆ ಕೊಯ್ದ ತುದಿ ಇನ್ನಷ್ಟು ಚೂಪಾಗಿ ಮೂಲೆಯ ಒಳಬದಿ ಬಾಯಿ ಬಿಡುತ್ತದೆ. ತೇವ ಹೀರಿ ಉಬ್ಬಿದರೆ ಹೊರಬದಿ ಬಿಡುತ್ತದೆ. ಅಪ್ಪ ಅದನ್ನು ಮಾಡಿದ್ದು ಮಲೆನಾಡಿನ ಆಷಾಢದ ಜಡಿಮಳೆಯಲ್ಲಿ. ಫಾಸ್ಟರ್ ಸಿಟಿಯೇನೋ 1960ರ ದಶಕದಲ್ಲಿ ಜೌಗುನೆಲಕ್ಕೆ ಮಣ್ಣು ತುಂಬಿ ಕಟ್ಟಿದ ಊರು, ಊರ ನಡುವೆಯೇ ಹಿನ್ನೀರು. ಆದರೆ ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣ. ಊರಿಂದ ಮರದ ಸಾಮಾನು ತರುವವರು ಇದನ್ನು ನೆನಪಿಡುವುದು ಒಳ್ಳೆಯದು.

ಧೈರ್ಯ ಬಂದು ಗ್ಯಾರೇಜಿನಲ್ಲಿ ನಾನೇ ಇನ್ನೊಂದು ಚೌಕಟ್ಟಿಗೆ ಕೈಹಾಕಿದೆ. ಹಲಗೆಯನ್ನು ಕೆಲವು ವಾರ ಮನೆಯೊಳಗೇ ಇಟ್ಟೆ. ಆದರೂ ಮೂರು ಮೂಲೆ ಕೂಡಿ ನಾಲ್ಕನೆಯದು ಬಾಯಿ ತೆರೆಯಿತು. ಇದು ಮಾತ್ರ ನನ್ನ ಕೈಯದ್ದೇ. ಚೌಕಟ್ಟಿಗೆ ಎಂಟು ಕೊಯ್ತ. ಒಂದೊಂದರಲ್ಲಿ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೆಯ ಮೂಲೆಗೆ ನಾಲ್ಕು ಡಿಗ್ರಿ ಸೇರುತ್ತದೆ. ಅಪ್ಪ ಹೇಳಿಕೊಟ್ಟ ಉಪಾಯ ಸರಳ: ಗರಗಸದ ಎರಡು ಬದಿಗೆ ಒಂದಕ್ಕೊಂದು ನಿಖರ ಲಂಬಕೋನದಲ್ಲಿ ಎರಡು ಆನಿಕೆಪಟ್ಟಿ ಕೂರಿಸಿ, ಮೂಲೆಯ ಎರಡು ತುಂಡುಗಳಲ್ಲಿ ಒಂದನ್ನು ಎಡದ ಪಟ್ಟಿಗೆ, ಇನ್ನೊಂದನ್ನು ಬಲದ ಪಟ್ಟಿಗೆ ಆನಿಸಿ ಕೊಯ್ಯಬೇಕು. ಒಂದು 44.5 ಆದರೆ ಇನ್ನೊಂದು 45.5, ಕೂಡಿದರೆ 90. ಎದುರುಬದುರಿನ ಪಟ್ಟಿಗಳನ್ನು ಟೇಪಿನಿಂದ ಅಳೆಯದೆ, ಒಂದೇ ತಡೆಗಟ್ಟಿಗೆ ತಾಗಿಸಿ ಕೊಯ್ದರೆ ಉದ್ದ ಸಮವಾಗುತ್ತದೆ. ಕೋನ ಸರಿಯಿದ್ದೂ ಮೂಲೆ ಕೂಡದಿರುವುದಕ್ಕೆ ಬಹಳ ಸಲ ಉದ್ದದ ಈ ವ್ಯತ್ಯಾಸವೇ ಕಾರಣ. ಅಂಟು ಹಚ್ಚಿದ ಮೇಲೆ ಎರಡೂ ಕರ್ಣಗಳಿಗೆ ದಾರ ಹಿಡಿದು ನೋಡಿದೆ, ಸಮವಿದ್ದವು.

ಅಪ್ಪ ಪರದೆಗೆ ಕಣ್ಣು ತಾಗಿಸಿ ನಾಲ್ಕೂ ಮೂಲೆ ನೋಡಿ, “ಅಡ್ಡಿಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಹಳೆಯದರ ಸಂದಿಗೆ ಮೇಣ ತುಂಬಲೇ ಎಂದು ಕೇಳಿದೆ.

“ಬೇಡ. ಮಳೆಗಾಲಕ್ಕೆ ಬರುವಾಗ ತಗೊಂಡು ಬಾ. ಕೂಡಿಕೊಳ್ತದೋ ಏನೋ, ನೋಡುವ.”